6-2 ಲೀಡಲ್ಲಿ ಸೋತ ಹುಡುಗನಿಗೆ ಬಸ್ಕಿ ಹೊಡೆಸಬೇಡಿ

ಅಣ್ಣಾ, ನಿಮ್ಮ ಪೋಸ್ಟ್ ಓದಿದೆ, ವಿಡಿಯೋನೂ ನೋಡಿದೆ. ನೀವು ಕುಸ್ತಿ ಕಲಿಸೋ ಅಂಡರ್-17 ಹುಡುಗ 6-2 ಮುಂದಿದ್ದು 6-6 ಆಗಿ ಕ್ರೈಟೀರಿಯಾದಲ್ಲಿ (ಅಂಕ ಸಮ ಆದಾಗ ಗೆದ್ದವರನ್ನು ತೀರ್ಮಾನಿಸೋ ನಿಯಮ) ಸೋತ. ಮಾರನೇ ದಿನ "ಮನಸ್ಸು ಗಟ್ಟಿಯಾಗ್ಲಿ" ಅಂತ ನೀವು 500 ಬಸ್ಕಿ ಹೊಡೆಸಿದ್ರಿ. ದಯವಿಟ್ಟು ನಿಲ್ಲಿಸಿ. ಪ್ರತಿ ಸೀಸನ್‌ನಲ್ಲೂ ಯಾರಾದ್ರೂ ಇದನ್ನೇ ಮಾಡ್ತಾರೆ. ಹುಡುಗ ಇದರಿಂದ ಕಲಿಯೋದು ಒಂದೇ, ಲೀಡ್ ಬಂದಾಗ ಹೆದರೋದು.

ವಿಡಿಯೋದಲ್ಲಿ ಕೊನೇ 40 ಸೆಕೆಂಡ್ ಅವನ ಕಾಲು ನೋಡಿ. ನೆಟ್ಟಗೆ ನಿಂತು ಹಿಂದಕ್ಕೇ ಹೋಗ್ತಿದ್ದಾನೆ. ಸೊಂಟ ಮೇಲಿದೆ, ಕೈ ಸುಮ್ಮನಿದೆ. ಎದುರಾಳಿ ಒಳಗೆ ಹೊಕ್ಕು ಎಸೆದು 4 ತಗೊಂಡ. ಅಂಕ ಸಮ ಆದಾಗ ಮೂರು 2 ಅಂಕದ ಪಟ್ಟುಗಳಿಗಿಂತ ಒಂದು 4 ಅಂಕದ ಪಟ್ಟು ಮೇಲು, ಇದು ಹುಡುಗನಿಗೆ ಗೊತ್ತೇ ಇಲ್ಲ. ಸಮಬಲ ಅಂದ್ಕೊಂಡು ಉಳಿದ 12 ಸೆಕೆಂಡ್ ಎದುರಾಳಿಗೆ ತಲೆ ಒತ್ತಿಕೊಂಡು ನಿಂತ. ಇಲ್ಲಿ ಧೈರ್ಯದ ಪ್ರಶ್ನೆಯೇ ಬರಲ್ಲ. ಗರಡಿಯಿಂದ ಮ್ಯಾಟ್‌ಗೆ ಬಂದ ಮಕ್ಕಳಲ್ಲಿ ಇದು ಜಾಸ್ತಿ. ಮಣ್ಣಿನ ಅಖಾಡದ ಜಂಗಿ ನಿಕಾಲಿ ಕುಸ್ತಿಯಲ್ಲಿ ಚಿತ್ ಆದ್ರೆ ಮಾತ್ರ ತೀರ್ಮಾನ, ಗಡಿಯಾರ, ಅಂಕದ ಲೆಕ್ಕ ತಲೆಗೆ ಹತ್ತಿರೋದೇ ಇಲ್ಲ.

ಕೆಲಸಕ್ಕೆ ಬರೋದು ಕೊನೇ 40 ಸೆಕೆಂಡಿನ ಆಟ. ವಾರಕ್ಕೆ ಮೂರು ದಿನ, ಪ್ರಾಕ್ಟೀಸ್ ಮುಗಿಯೋ ಹೊತ್ತಲ್ಲಿ, ಉಸಿರು ಏರಿದ್ದಾಗಲೇ ಆಡಿಸಿ. ದಣಿಯದ ಮೈಯಲ್ಲಿ ಆಡಿಸಿದ್ರೆ ಏನೂ ಸಿಗಲ್ಲ. ಒಬ್ಬ ಹುಡುಗ, ಎದುರಿಗೆ ಸರದಿಯಲ್ಲಿ ಮೂವರು. ಅವನು ಚೀಟಿ ಎತ್ತಬೇಕು: "1 ಮುಂದೆ", "2 ಹಿಂದೆ", "6-6, ಆದ್ರೆ ಕ್ರೈಟೀರಿಯಾದಲ್ಲಿ ಹಿಂದೆ". ಜೋರಾಗಿ ಓದಿ, ಏನು ಬೇಕು ಅಂತ ಅವನೇ ಹೇಳಬೇಕು, ಆಮೇಲೆ ಸೀಟಿ. 40 ಸೆಕೆಂಡ್ ಆಟ, 30 ಸೆಕೆಂಡ್ ಬಿಡುವು, ಒಟ್ಟು ಆರು ಸುತ್ತು. ಸೋತ್ರೆ ಶಿಕ್ಷೆ ಬೇಡ, ಅದೇ ಚೀಟಿ ತಕ್ಷಣ ಇನ್ನೊಂದು ಸಲ.

ಮುಂದಿದ್ದಾಗ ಮ್ಯಾಟ್ ಮಧ್ಯ ಬಿಡಬಾರದು. ಹಣೆ ಎದುರಾಳಿಯ ಗದ್ದದ ಕೆಳಗೆ, ಕೈ ಸದಾ ಎದುರಾಳಿಯ ಕೈ ಜೊತೆ ಜಗಳದಲ್ಲಿ, ಹಿಂದೆ ಹೋಗೋದಾದ್ರೆ ಸುತ್ತಿಕೊಂಡೇ ಹೋಗಬೇಕು. ಮೊದಲ 15 ಸೆಕೆಂಡಲ್ಲಿ ಒಂದು ನಿಜವಾದ ಸಿಂಗಲ್ ಲೆಗ್ (ಎದುರಾಳಿಯ ಒಂದು ಕಾಲು ಹಿಡಿಯೋ ಪಟ್ಟು) ಹಾಕ್ಲಿ. ಪಾಯಿಂಟ್ ಬರದಿದ್ರೂ ಪರವಾಗಿಲ್ಲ, ಪ್ಯಾಸಿವ್, ಅಂದ್ರೆ ಆಡದೆ ಕಾಲ ಕಳೀತಿದ್ದಾನೆ ಅಂತ ಕರೆಯೋಕೆ ರೆಫರಿಗೆ ಕಾರಣ ಸಿಗಲ್ಲ. ಹಿಂದಿದ್ದಾಗ ದೂರದಿಂದ ಕುತ್ತಿಗೆಗೆ ಹಾರೋದು ಬೇಡ. ಟೋಕಿಯೋ ಸೆಮಿಫೈನಲ್‌ನಲ್ಲಿ ರವಿ ದಹಿಯಾ ಒಂದು ಹಂತದಲ್ಲಿ 2-9 ಹಿಂದಿದ್ದ, ಕೊನೇ ನಿಮಿಷದಲ್ಲಿ ಚಿತ್ ಮಾಡಿ ಗೆದ್ದ. ಅದೇ ಒಲಿಂಪಿಕ್ಸ್‌ನ ಕಂಚಿನ ಕುಸ್ತಿಯಲ್ಲಿ ಮುಂದಿದ್ದ ದೀಪಕ್ ಪೂನಿಯಾ ಕೊನೇ ಸೆಕೆಂಡುಗಳಲ್ಲಿ ಸೋತ. ಎರಡೂ ಕುಸ್ತಿ ಹುಡುಗನಿಗೆ ತೋರಿಸಿ, ಮಧ್ಯೆ ಮಧ್ಯೆ ನಿಲ್ಲಿಸಿ "ಈಗ ಏನು ಬೇಕು?" ಅಂತ ಕೇಳಿ. ಹಿನ್ನೆಲೆ ಸಂಗೀತ ಹಾಕಿದ ಸ್ಫೂರ್ತಿಯ ರೀಲ್ಸ್ ಎಲ್ಲಾ ದಂಡ.

ಆದ್ರೆ ಸ್ಪ್ರಾಲ್ (ಎದುರಾಳಿ ಕಾಲಿಗೆ ನುಗ್ಗಿದಾಗ ಕಾಲು ಹಿಂದಕ್ಕೆ ಚಾಚಿ ಅವನ ಮೇಲೆ ಭಾರ ಹಾಕೋದು) ಬಾರದವನಿಗೆ ಈ ಆಟ ಆಡಿಸಬೇಡಿ, ಮೊದಲು ಸ್ಪ್ರಾಲ್ ಕಲಿಸಿ. ಜೋಡಿಗಳ ತೂಕದಲ್ಲಿ ಹೆಚ್ಚೆಂದ್ರೆ 3 ಕೆ.ಜಿ. ವ್ಯತ್ಯಾಸ ಇರ್ಲಿ. ಕುತ್ತಿಗೆ ಅಥವಾ ಮಂಡಿ ನೋವಿದ್ರೆ ಅವತ್ತು ಬೇಡ. ಸ್ಪರ್ಧೆಗೆ ನಾಲ್ಕು ದಿನ ಇದ್ದಾಗ ಎರಡೇ ಸುತ್ತು ಸಾಕು.

ಇನ್ನು ನಿಮ್ಮ ಕಾರ್ನರ್, ಅಂದ್ರೆ ಮ್ಯಾಟ್ ಪಕ್ಕದಿಂದ ನೀವು ಹೇಳಿಕೊಡೋದು. ವಿಡಿಯೋದಲ್ಲಿ ಹುಡುಗನಿಗಿಂತ ನಿಮ್ಮ ದನಿಯೇ ಜಾಸ್ತಿ ಕೇಳಿಸುತ್ತೆ. ಆಟ ನಡೀವಾಗ "ಮಧ್ಯ", "ಸೊಂಟ", "ಕೈ" ಇಷ್ಟೇ ಕೂಗಿ, ಅದೂ ಪ್ರಾಕ್ಟೀಸಲ್ಲಿ ಬಳಸಿದ ಪದಗಳೇ ಆಗಿರ್ಲಿ. ಎರಡು ಪೀರಿಯಡ್ ನಡುವಿನ 30 ಸೆಕೆಂಡ್ ಬ್ರೇಕಲ್ಲಿ ಮೊದಲ 10 ಸೆಕೆಂಡ್ ಬಾಯಿ ಬಿಡಬೇಡಿ, ಅವನು ಉಸಿರಾಡ್ಲಿ. ಆಮೇಲೆ ಒಂದೇ ಕೆಲಸ ಹೇಳಿ ಕಳಿಸಿ. ಸಿಟ್ಟಲ್ಲಿ ರೆಫರಿ ತೀರ್ಪಿನ ಮೇಲೆ ಚಾಲೆಂಜ್ ಹಾಕಬೇಡಿ, ತಿರಸ್ಕಾರ ಆದ್ರೆ ಎದುರಾಳಿಗೆ 1 ಪಾಯಿಂಟ್. ಅವನ ಅಪ್ಪ ಗ್ಯಾಲರಿಯಿಂದ ಕೂಗ್ತಿದ್ರಲ್ಲ, ಅವರಿಗೂ ಹೇಳಿ.

ಕೊನೇ ಸಾಲಲ್ಲಿ "ರಾಜ್ಯ ಮಟ್ಟಕ್ಕೆ ಒಂದು ವಾರದಲ್ಲಿ 4 ಕೆ.ಜಿ. ಇಳಿಸಿ 51ರಲ್ಲಿ ಆಡಿಸ್ತೀನಿ" ಅಂತ ಬರೆದಿದ್ದೀರಿ. ಬೆಳೆಯೋ ಹುಡುಗ ಅವನು! 55 ಕೆ.ಜಿ. ವಿಭಾಗದಲ್ಲೇ ಆಡಿಸಿ. ನೀರು ಬಿಡಿಸಿ, ಸ್ವೆಟ್ ಸೂಟ್ ಹಾಕಿಸಿ ಓಡಿಸಿದ್ರೆ ಎರಡನೇ ಪೀರಿಯಡ್‌ನಲ್ಲಿ ಮೊದಲು ಹೋಗೋದು ಕಾಲು, ಆಮೇಲೆ ತಲೆ. ಅದನ್ನೂ ನೀವು "ಮನಸ್ಸು ವೀಕ್" ಅಂತೀರಿ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್‌ಗೆ ಎರಡನೇ ದಿನದ ತೂಕದಲ್ಲಿ 100 ಗ್ರಾಂ ಹೆಚ್ಚಾಗಿ ಫೈನಲ್ಲೇ ತಪ್ಪಿತು. ಅಷ್ಟು ಜನ ಸಿಬ್ಬಂದಿ ಇದ್ದೂ ಹಾಗಾಯ್ತು.

ಶೂ ಬಗ್ಗೆ ಕೇಳಿದ್ರಲ್ಲ: ಅಸಲಿ ಆಸಿಕ್ಸ್ ಮ್ಯಾಟ್‌ಫ್ಲೆಕ್ಸ್ ಸಾಕು, ದುಬಾರಿ ಮಾಡೆಲ್ ಈ ವಯಸ್ಸಿಗೆ ಬೇಡ. ನಕಲಿ ತಗೋಬೇಡಿ, ಬೆವರು ಬಿದ್ದ ಮ್ಯಾಟ್ ಮೇಲೆ ಸೋಲ್ ಜಾರುತ್ತೆ. ಲೇಸ್ ಗಂಟಿನ ಮೇಲೆ ಟೇಪ್ ಸುತ್ತಿ, ಮ್ಯಾಟ್ ಮೇಲೆ ಬಿಚ್ಚಿಕೊಂಡ್ರೆ ರೆಫರಿ ಸುಮ್ಮನಿರಲ್ಲ.