ಮೂರನೇ ಸಲ ಕೂರುವ ಮೊದಲು

ತಮ್ಮಾ,

ನಿನ್ನ ಮೆಸೇಜು ಬಂದಾಗ ನಾನು ಉಡುಪಿಯಲ್ಲಿ ನನ್ನ ಅಮ್ಮನ ಮನೆಯ ಜಗಲಿಯಲ್ಲಿ ಕೂತಿದ್ದೆ. ಹೊರಗೆ ಆಟಿಯ ಮಳೆ. ಎರಡು ಸಲ ಓದಿದೆ. ಎರಡು ಸಾಲು ಬರೆದು ಮುಗಿಸುವ ವಿಷಯ ಅಲ್ಲ ಅನಿಸಿತು.

ನೀನು ಕೇಳಿದ್ದು ಇಷ್ಟು. ಕಳೆದ ಅಕ್ಟೋಬರ್‌ನಲ್ಲಿ ಜರ್ಮನಿಗೆ ಬಂದು ಮೆಕ್ಯಾನಿಕಲ್‌ನಲ್ಲಿ ಮಾಸ್ಟರ್ಸ್‌ಗೆ ಸೇರಿದ್ದೀಯ. ಒಂದು ಕಡ್ಡಾಯ ವಿಷಯದಲ್ಲಿ ಎರಡು ಸಲ ಫೇಲ್ ಆಗಿದೆ. ಕೋರ್ಸೂ ಒಗ್ಗುತ್ತಿಲ್ಲ. ಕೋರ್ಸ್ ಬದಲಾಯಿಸಬೇಕಾ, ಯೂನಿವರ್ಸಿಟಿಯನ್ನೇ ಬದಲಾಯಿಸಬೇಕಾ, ವೀಸಾಕ್ಕೆ ತೊಂದರೆ ಆಗುತ್ತದಾ, ಇಲ್ಲ ಸುಮ್ನೆ ಇನ್ನೊಂದು ಸಲ ಪರೀಕ್ಷೆಗೆ ಕೂತು ನೋಡಬೇಕಾ. ಕೊನೆಯಲ್ಲಿ ಒಂದು ಸಾಲು: ‘ಮನೆಯಲ್ಲಿ ಹೇಳಿಲ್ಲ ಅಕ್ಕ.’

ಮೊದಲು ಆ ಮೂರನೇ ಪರೀಕ್ಷೆಯ ಮಾತು. ‘ಸುಮ್ನೆ ಕೂತು ನೋಡುವುದು’ ಅನ್ನುವುದನ್ನು ಮನಸ್ಸಿನಿಂದ ತೆಗೆದುಬಿಡು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬ್ಯಾಕ್ ಉಳಿದರೆ ಮತ್ತೆ ಫೀಸು ಕಟ್ಟಿ ಬರೆಯುತ್ತಿದ್ದೆವು. ಅದು ತಲೆಯಲ್ಲಿ ಹಾಗೇ ಕೂತಿರುತ್ತದೆ. ಜರ್ಮನಿಯಲ್ಲಿ ಹೆಚ್ಚಿನ ಕಡೆ ಒಂದು ಪರೀಕ್ಷೆಗೆ ಮೂರು ಅವಕಾಶ, ಕೆಲವು ಕಡೆ ಎರಡೇ. ಕಡ್ಡಾಯ ವಿಷಯದಲ್ಲಿ ಕೊನೆಯ ಅವಕಾಶವೂ ಹೋದರೆ ಆ ಕೋರ್ಸಿನಲ್ಲಿ ಪರೀಕ್ಷೆ ಬರೆಯುವ ಹಕ್ಕೇ ಹೋಗುತ್ತದೆ. ಯೂನಿವರ್ಸಿಟಿ ಹೆಸರು ತೆಗೆಯುತ್ತದೆ. ಆಮೇಲೆ ಅದೇ ಕೋರ್ಸಿಗೆ ದೇಶದ ಬೇರೆ ಯೂನಿವರ್ಸಿಟಿಗಳೂ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅದಕ್ಕೆ ತೀರಾ ಹತ್ತಿರದ ಕೋರ್ಸಿನ ಬಾಗಿಲೂ ಮುಚ್ಚಬಹುದು.

ಬೇರೆ ಕಡೆ ಅರ್ಜಿ ಹಾಕಿದಾಗ ಒಂದು ಕಾಗದ ಕೇಳುತ್ತಾರೆ. ಅದರ ಹೆಸರು ಉನ್‌ಬೆಡೆಂಕ್‌ಲಿಶ್‌ಕೈಟ್ಸ್‌ಬೆಶೈನಿಗುಂಗ್. ಇವನು ಪರೀಕ್ಷೆಯ ಹಕ್ಕು ಕಳೆದುಕೊಂಡಿಲ್ಲ ಅಂತ ನಿನ್ನ ಈಗಿನ ಪರೀಕ್ಷಾ ಕಚೇರಿ ಬರೆದುಕೊಡುವ ಪತ್ರ. ಇವತ್ತು ಹೋಗಿ ಕೇಳಿದರೆ ನಿನಗೆ ಅದು ಸಿಗುತ್ತದೆ. ಮೂರನೇ ಸಲ ಫೇಲಾದ ಮೇಲೆ ಸಿಗುವುದಿಲ್ಲ.

ಇನ್ನೊಂದು ಅಪಾಯ ಉಂಟು. ಕೆಲವು ಕಡೆ ಫೇಲಾದವರ ಹೆಸರನ್ನು ಮುಂದಿನ ಪರೀಕ್ಷೆಗೆ ಅವರೇ ಸೇರಿಸಿಬಿಡುತ್ತಾರೆ. ನೀನು ಹೋಗದಿದ್ದರೆ 5.0, ಅಂದರೆ ಫೇಲ್. ಮನೆಯಲ್ಲಿ ಮಲಗಿಕೊಂಡೇ ಮೂರನೇ ಅವಕಾಶ ಹೋಗಿರುತ್ತದೆ. ಆದ್ದರಿಂದ ನಾಳೆ ಬೆಳಿಗ್ಗೆಯ ಮೊದಲ ಕೆಲಸ, ನಿನ್ನ ಕೋರ್ಸಿನ ಪರೀಕ್ಷಾ ನಿಯಮದ ಪಿಡಿಎಫ್ ತೆಗೆದು ಮರುಪರೀಕ್ಷೆಯ ಭಾಗ ಓದುವುದು. ಜರ್ಮನ್‌ನಲ್ಲಿದ್ದರೆ ನನಗೆ ಕಳಿಸು.

ಎರಡನೇ ಕೆಲಸ, ನಿನ್ನ ಉತ್ತರ ಪತ್ರಿಕೆ ನೋಡುವುದು. ತಿದ್ದಿದ ಪತ್ರಿಕೆ ನೋಡುವ ಹಕ್ಕು ಅಲ್ಲಿ ವಿದ್ಯಾರ್ಥಿಗೆ ಇದೆ. ಕ್ಲೌಸುರ್‌ಐನ್‌ಸಿಶ್ಟ್ ಅನ್ನುತ್ತಾರೆ, ಅದಕ್ಕೊಂದು ದಿನ ಇಡುತ್ತಾರೆ. ನೀನು ಹೋಗಿರಲಿಕ್ಕಿಲ್ಲ. ನಮ್ಮ ಹುಡುಗರು ನಾಚಿಕೆಯಿಂದ ಹೋಗುವುದಿಲ್ಲ, ನಾನೂ ಮೊದಲ ಸಲ ಹೋಗಿರಲಿಲ್ಲ. ಹೋಗು. ನಾಲ್ಕೈದು ಅಂಕ ಲೆಕ್ಕದ ತಪ್ಪಿನಿಂದ ಹೋಗಿದ್ದರೆ, ಪ್ರೊಫೆಸರ್ ಹತ್ತಿರ ಮಾತಾಡಿ, ಗಟ್ಟಿಯಾಗಿ ಓದಿ ಮೂರನೇ ಸಲ ಬರೆಯುವುದರಲ್ಲಿ ಅರ್ಥ ಇದೆ. ಅರ್ಧ ಪುಟಗಳು ಖಾಲಿ ಇದ್ದರೆ, ಪ್ರಶ್ನೆಯೇ ಅರ್ಥ ಆಗಿರದಿದ್ದರೆ, ಕೂರಬೇಡ. ಅದರ ಮೊದಲೇ ಬದಲಾಯಿಸು.

ಬದಲಾಯಿಸುವುದು ಅವಮಾನ ಅಂತ ನಿನಗೆ ಯಾಕೆ ಅನಿಸುತ್ತದೆ ಅಂತ ನನಗೆ ಗೊತ್ತು. 2025ರ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೇದು. ಅದರ ಹಿಂದಿನ ವರ್ಷವೂ ಇದೇ ಎರಡು ಜಿಲ್ಲೆ, ಕ್ರಮ ಮಾತ್ರ ಹಿಂದುಮುಂದು. ಅಂಥ ಊರಲ್ಲಿ ಬೆಳೆದವರ ಬಾಯಿಗೆ ಫೇಲ್ ಅನ್ನುವ ಶಬ್ದ ಬರುವುದಿಲ್ಲ. ಸೈನ್ಸ್ ಬಿಟ್ಟು ಕಾಮರ್ಸ್‌ಗೆ ಹೋದ ಹುಡುಗನ ವಿಷಯ ಮದುವೆ ಊಟದ ಪಂಕ್ತಿಯಲ್ಲಿ ವರ್ಷಗಟ್ಟಲೆ ಮಾತಾಗುತ್ತದೆ. ಜರ್ಮನಿಯಲ್ಲಿ ಕೋರ್ಸ್ ಬದಲಾಯಿಸುವುದು ಅಲ್ಲಿನ ಮಕ್ಕಳೇ ಮಾಡುವ ಮಾಮೂಲಿ ಕೆಲಸ. ನಾನೂ ಬದಲಾಯಿಸಿದವಳೇ. ಆಮೇಲೆ ಕೆಲಸದ ಇಂಟರ್‌ವ್ಯೂಗಳಲ್ಲಿ ನನ್ನನ್ನು ಒಬ್ಬರೇ ಒಬ್ಬರು ಅದರ ಬಗ್ಗೆ ಕೇಳಿದರು. ಕಾರಣ ಹೇಳಿದೆ, ಸರಿ ಅಂದರು, ಮುಂದಿನ ಪ್ರಶ್ನೆಗೆ ಹೋದರು.

ನನ್ನ ತಪ್ಪು ಬೇರೆ ಕಡೆ ಆಯಿತು. ಅದನ್ನು ನೀನು ಮಾಡಬಾರದು ಅಂತಲೇ ಹೇಳುತ್ತಿದ್ದೇನೆ.

ನಾನು ಬಂದದ್ದು 2011ರಲ್ಲಿ. ಮರುವರ್ಷ ಮಾರ್ಚ್‌ನಲ್ಲಿ ಯೂನಿವರ್ಸಿಟಿ ಬದಲಾಯಿಸಲು ಹೊರಟೆ. ಹೊಸ ಕಡೆಯ ಕಚೇರಿಯವರು ಫೋನಿನಲ್ಲಿ ‘ಸೀಟು ಆಗಿದೆ, ಪತ್ರ ಬರುತ್ತದೆ’ ಅಂದರು. ಆ ಮಾತು ನಂಬಿ ಹಳೆ ಕಡೆ ಹೆಸರು ತೆಗೆಸಿದೆ. ಎಕ್ಸ್‌ಮಾಟ್ರಿಕುಲೇಷನ್ ಅನ್ನುತ್ತಾರಲ್ಲ, ಅದು. ಪತ್ರ ಬರಲಿಲ್ಲ. ಯಾವುದೋ ಒಂದು ಸರ್ಟಿಫಿಕೇಟು ಕಡಿಮೆ ಇತ್ತಂತೆ. ಆರು ವಾರ ನಾನು ಎಲ್ಲಿಯ ವಿದ್ಯಾರ್ಥಿನಿಯೂ ಆಗಿರಲಿಲ್ಲ. ವಿದ್ಯಾರ್ಥಿ ವಿಮೆ ನಿಂತಿತು, ಬಸ್ಸಿನ ಪಾಸು ಹೋಯಿತು, ಲ್ಯಾಬಿನಲ್ಲಿ ಮಾಡುತ್ತಿದ್ದ ಸಣ್ಣ ಕೆಲಸವೂ ಹೋಯಿತು. ವಾಸದ ಪರವಾನಗಿ ಕೊಡುವ ವಿದೇಶಿಯರ ಕಚೇರಿಯ ಹೊರಗೆ ಬೆಳಿಗ್ಗೆ ಐದೂವರೆಗೆ ಟೋಕನ್‌ಗೆ ನಿಂತೆ. ಕೈಗವಸು ಹಾಕಿದ್ದರೂ ಬೆರಳು ಮರಗಟ್ಟಿ ಫೈಲು ಎರಡು ಸಲ ಕೆಳಗೆ ಬಿತ್ತು. ಒಳಗಿದ್ದ ಹೆಂಗಸು ಎಕ್ಸ್‌ಮಾಟ್ರಿಕುಲೇಷನ್ ಕಾಗದದ ತಾರೀಖಿನ ಮೇಲೆ ಬೆರಳಿಟ್ಟು, ‘ಈ ದಿನದಿಂದ ಇವತ್ತಿನವರೆಗೆ ನೀವು ಇಲ್ಲಿ ಯಾವ ಲೆಕ್ಕದಲ್ಲಿ ಇದ್ದೀರಿ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಒಳ್ಳೆಯವರು, ಎರಡು ವಾರ ಸಮಯ ಕೊಟ್ಟರು. ಆ ಎರಡು ವಾರದ ಒಳಗೆ ಪತ್ರ ಬಂತು, ಹಾಗಾಗಿ ಉಳಿದೆ.

ಮಳೆಗಾಲದ ಮೊದಲು ಮಾಡು ರಿಪೇರಿ ಮಾಡುವಾಗ ಹೊಸ ಹಂಚು ಅಂಗಳಕ್ಕೆ ಬಂದು ಬೀಳದೆ ಹಳೆ ಹಂಚು ಇಳಿಸುವುದಿಲ್ಲ ಅಲ್ವಾ? ಅಷ್ಟೇ ವಿಷಯ. ಹೊಸ ಕಡೆಯ ಅಡ್ಮಿಷನ್ ಪತ್ರ ಕೈಗೆ ಬರುವ ತನಕ ಹಳೆ ಕಡೆ ಹೆಸರು ತೆಗೆಸಬೇಡ. ಫೋನಿನ ಮಾತು, ಈಮೇಲಿನಲ್ಲಿ ‘ಆಗಬಹುದು’ ಅಂದದ್ದು ಯಾವುದೂ ಲೆಕ್ಕಕ್ಕಿಲ್ಲ. ಹೆಸರು ತೆಗೆಸುವ ಫಾರ್ಮಿನಲ್ಲಿ ಸಾಮಾನ್ಯವಾಗಿ ಎರಡು ಚೌಕ ಇರುತ್ತವೆ. ಒಂದು ‘ತಕ್ಷಣದಿಂದ’, ಇನ್ನೊಂದು ‘ಸೆಮಿಸ್ಟರ್‌ನ ಕೊನೆಗೆ’. ಎರಡನೆಯದಕ್ಕೇ ಗುರುತು ಹಾಕು. ಹಳೆಯದು ಮಾರ್ಚ್ 31ಕ್ಕೆ ಮುಗಿದು ಹೊಸದು ಏಪ್ರಿಲ್ 1ಕ್ಕೆ ಶುರುವಾಗಬೇಕು, ನಡುವೆ ಒಂದು ದಿನವೂ ಖಾಲಿ ಇರಬಾರದು.

ವೀಸಾದ ಭಯ ನಿನಗೆ ಬೇಕಾದ್ದಕ್ಕಿಂತ ಜಾಸ್ತಿ ಇದೆ. ನಿನ್ನ ವಾಸದ ಕಾರ್ಡಿನ ಜೊತೆ ಒಂದು ಹಸಿರು ಹಾಳೆ ಕೊಟ್ಟಿರುತ್ತಾರೆ. ತೆಗೆದು ಓದು. ಕೆಲವರದ್ದರಲ್ಲಿ ಕೋರ್ಸು, ಯೂನಿವರ್ಸಿಟಿ ಎರಡರ ಹೆಸರೂ ಇರುತ್ತದೆ. ಹಾಗಿದ್ದರೆ ಬದಲಾಯಿಸುವ ಮೊದಲು ವಿದೇಶಿಯರ ಕಚೇರಿಗೆ ಹೇಳಿ ಆ ಹಾಳೆ ಬದಲಾಯಿಸಿಕೊಳ್ಳಬೇಕು. ಮೊದಲ 18 ತಿಂಗಳೊಳಗೆ ಕೋರ್ಸ್ ಬದಲಾಯಿಸಿದರೆ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಅಕ್ಟೋಬರ್‌ನಿಂದ ಲೆಕ್ಕ ಹಾಕಿದರೆ ನಿನಗೆ ಬರುವ ಮಾರ್ಚ್ ಕೊನೆಯ ತನಕ ಸಮಯ ಇದೆ. ಆಮೇಲೂ ಆಗುತ್ತದೆ, ಆದರೆ ಯಾಕೆ, ಎಷ್ಟು ಸಮಯದಲ್ಲಿ ಮುಗಿಸುತ್ತೀ ಅಂತ ಕೇಳುತ್ತಾರೆ. ಊರು ಬದಲಾದರೆ ಎರಡು ವಾರದೊಳಗೆ ಹೊಸ ವಿಳಾಸ ನೋಂದಾಯಿಸು. ಫೈಲು ಒಂದು ಊರಿನ ಕಚೇರಿಯಿಂದ ಇನ್ನೊಂದಕ್ಕೆ ಹೋಗಲು ತಿಂಗಳುಗಳೇ ಹಿಡಿಯಬಹುದು. ಕಾರ್ಡಿನ ಅವಧಿ ಹತ್ತಿರ ಬಂದಿದ್ದರೆ ಅದು ಮುಗಿಯುವ ಮೊದಲೇ ಅರ್ಜಿ ಹಾಕಿ, ಹಾಕಿದ್ದಕ್ಕೆ ಪುರಾವೆ ಇಟ್ಟುಕೋ.

ಇನ್ನು ಎಲ್ಲಿಗೆ ಹೋಗುವುದು. ಕಂಪ್ಯೂಟರ್ ಸೈನ್ಸ್ ಅಂತ ಬರೆದಿದ್ದೀಯ. ಅದು ಕಷ್ಟ, ನಿನಗೆ ಬುದ್ಧಿ ಇಲ್ಲ ಅಂತ ಅಲ್ಲ. ಅಲ್ಲಿ ಮಾಸ್ಟರ್ಸ್‌ಗೆ ಸೇರಲು ಬ್ಯಾಚುಲರ್ಸ್‌ನಲ್ಲಿ ಆ ವಿಷಯದ ಇಂತಿಷ್ಟು ಕ್ರೆಡಿಟ್ ಇರಲೇಬೇಕು ಅನ್ನುತ್ತಾರೆ. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದ ನಿನ್ನ ಮಾರ್ಕ್ಸ್‌ಕಾರ್ಡಿನಲ್ಲಿ ಅಷ್ಟು ಇರುವುದಿಲ್ಲ. ಪಕ್ಕದ ಮನೆಗೆ ಹೋಗುವ ಹಾಗೆ ಯೋಚಿಸು. ಮೆಕಾಟ್ರಾನಿಕ್ಸ್, ಪ್ರೊಡಕ್ಷನ್, ಎನರ್ಜಿ, ಮೆಟೀರಿಯಲ್ಸ್, ಕಂಪ್ಯೂಟರ್ ಕೆಲಸವೇ ಬೇಕಿದ್ದರೆ ಸಿಮ್ಯುಲೇಷನ್ ಕಡೆಯ ಕೋರ್ಸುಗಳು. ನಿನಗೆ ಥಿಯರಿಗಿಂತ ಕೈಕೆಲಸ ಇಷ್ಟ ಅಂತ ನಿನ್ನ ಮೆಸೇಜಿನಲ್ಲೇ ಕಾಣುತ್ತದೆ. ಹಾಗಾದರೆ ಯೂನಿವರ್ಸಿಟಿ ಬಿಟ್ಟು ಹೋಖ್‌ಶೂಲೆ, ಅಂದರೆ ಥಿಯರಿಗಿಂತ ಪ್ರಾಯೋಗಿಕ ಕಲಿಕೆಗೆ ಒತ್ತು ಕೊಡುವ ಕಡೆ, ನೋಡು. ನಾನು ಹೋದದ್ದೂ ಅಲ್ಲಿಗೇ. ಮುನ್ನೂರು ಜನರ ಹಾಲ್‌ನಿಂದ ಇಪ್ಪತ್ತೆರಡು ಜನರ ಕ್ಲಾಸಿಗೆ ಬಂದೆ. ಎರಡನೇ ವಾರದಲ್ಲಿ ಪ್ರೊಫೆಸರ್‌ಗೆ ನನ್ನ ಹೆಸರು ಗೊತ್ತಿತ್ತು. ನನಗೆ ಬೇಕಿದ್ದದ್ದು ಅದೇ.

ಏಪ್ರಿಲ್‌ನಲ್ಲಿ ಸೇರುವುದಕ್ಕೆ ಹೆಚ್ಚಿನ ಕಡೆ ಜನವರಿ 15 ಕೊನೆ ದಿನ. ಇಂಗ್ಲಿಷ್‌ನಲ್ಲಿ ಕಲಿಸುವ ಕೋರ್ಸುಗಳಲ್ಲಿ ತುಂಬಾ ಅಕ್ಟೋಬರ್‌ನಲ್ಲಿ ಮಾತ್ರ ಶುರುವಾಗುತ್ತವೆ. ಹಾಗಾಗಿ ಏಪ್ರಿಲ್‌ಗೆ ಆಯ್ಕೆ ಕಡಿಮೆ ಇರುತ್ತದೆ. ಹಲವು ಯೂನಿವರ್ಸಿಟಿಗಳ ಪರವಾಗಿ ವಿದೇಶಿ ಅರ್ಜಿಗಳನ್ನು ಪರಿಶೀಲಿಸುವ ಯೂನಿ ಅಸಿಸ್ಟ್ ಮೂಲಕ ಹಾಕುವುದಾದರೆ ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೆ 30. ಆರೇಳು ಕಡೆ ಹಾಕು. ಏಪ್ರಿಲ್‌ಗೆ ಸಿಗದಿದ್ದರೆ ಈಗಿನ ಕಡೆಯೇ ಹೆಸರು ಉಳಿಸಿಕೊಂಡು, ಬೇರೆ ವಿಷಯಗಳನ್ನು ಪಾಸ್ ಮಾಡುತ್ತಾ ಅಕ್ಟೋಬರ್‌ಗೆ ನೋಡು.

ಆ ಪಾಸಾದ ವಿಷಯಗಳು ವ್ಯರ್ಥ ಆಗುವುದಿಲ್ಲ. ಅದಕ್ಕೆ ಮಾತ್ರ ಸ್ವಲ್ಪ ಕಷ್ಟಪಡಬೇಕು. ನನ್ನ ಹತ್ತಿರ 35 ಕ್ರೆಡಿಟ್ ಇತ್ತು. ಮೊದಲು 10 ಮಾತ್ರ ಒಪ್ಪಿದರು. ನಾನು ಎರಡೂ ಕಡೆಯ ಮಾಡ್ಯೂಲ್ ಪುಸ್ತಕ ಪ್ರಿಂಟ್ ತೆಗೆದು, ರೂಮಿನ ನೆಲದ ಮೇಲೆ ಪಕ್ಕಪಕ್ಕ ಹರಡಿ, ಪೆನ್ಸಿಲ್ ಹಿಡಿದು ಕೂತೆ. ಪಾಠಗಳ ಹೆಸರು, ಗಂಟೆಗಳು, ಲ್ಯಾಬ್, ಪರೀಕ್ಷೆಯ ರೀತಿ. ಒಂದು ವಿಷಯಕ್ಕೆ ಒಂದು ಹಾಳೆ. ಒಬ್ಬ ಪ್ರೊಫೆಸರ್ ವಿಷಯದ ಹೆಸರು ಬೇರೆ ಅಂತ ಬಿಟ್ಟಿದ್ದರು. ಹಾಳೆ ತೋರಿಸಿದಾಗ ಲ್ಯಾಬಿನ ಗಂಟೆ ಎಣಿಸಿ, ಅಲ್ಲೇ ಸಹಿ ಹಾಕಿದರು. ಕೊನೆಗೆ 25 ಉಳಿಯಿತು. 1997ರ ಲಿಸ್ಬನ್ ಒಪ್ಪಂದಕ್ಕೆ ಜರ್ಮನಿಯೂ ಸಹಿ ಹಾಕಿದೆ. ಓದಿದ ವಿಷಯವನ್ನು ಒಪ್ಪದಿದ್ದರೆ ದೊಡ್ಡ ವ್ಯತ್ಯಾಸ ಇದೆ ಅಂತ ತೋರಿಸಿಕೊಡಬೇಕಾದವರು ಅವರೇ. ವಿನಯದಿಂದ ಹೇಳು, ಆದರೆ ಹೇಳು.

ಖಾಸಗಿ ಯೂನಿವರ್ಸಿಟಿಗೆ ಸೇರಿಸುತ್ತೇನೆ, ಪರೀಕ್ಷೆ ಸುಲಭ ಅಂತ ಯಾರಾದರೂ ಏಜೆಂಟ್ ಫೋನ್ ಮಾಡಿದರೆ ಇಡು. ಸರಕಾರದ ಮಾನ್ಯತೆ ಇರುವ ಒಳ್ಳೆಯವೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಹೆಚ್ಚಿನ ಪಾಠ ಆನ್‌ಲೈನ್‌ನಲ್ಲೇ ನಡೆಯುವ ಕೋರ್ಸಿಗೆ ವಾಸದ ಪರವಾನಗಿ ಸಿಗುವುದು ಕಷ್ಟ, ಫೀಸು ಮಾತ್ರ ಸಾವಿರಗಟ್ಟಲೆ ಯೂರೋ.

ಹಣದ ಲೆಕ್ಕವನ್ನು ಮುಚ್ಚಿಡದೆ ಹಾಕು. ವೀಸಾಕ್ಕೆ, ಖರ್ಚಿಗೆ ಹಣ ಇದೆ ಅಂತ ತೋರಿಸಬೇಕಾದ್ದು ತಿಂಗಳಿಗೆ 992 ಯೂರೋ ಅಲ್ವಾ. ಒಂದು ಸೆಮಿಸ್ಟರ್ ಜಾಸ್ತಿ ಆದರೆ ಹತ್ತಿರ ಹತ್ತಿರ ಆರು ಸಾವಿರ. ನಮ್ಮ ಸ್ಟುಟ್‌ಗಾರ್ಟ್ ಕಡೆ, ಬಾಡೆನ್ ವುರ್ಟೆಂಬೆರ್ಗ್ ರಾಜ್ಯಕ್ಕೆ ಬಂದರೆ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸೂ ಇದೆ. ಬ್ಯಾಂಕಿನ ಸಾಲದ ಪತ್ರದಲ್ಲಿ ಕೋರ್ಸು, ಯೂನಿವರ್ಸಿಟಿ, ಅವಧಿ ಬರೆದಿರುತ್ತದೆ. ಅಡ್ಮಿಷನ್ ಪತ್ರ ಬಂದ ವಾರವೇ ಬ್ಯಾಂಕಿಗೆ ಕೊಡಬೇಕು, ಅವಧಿ ತಿದ್ದಿಸಬೇಕು. ಇಲ್ಲದಿದ್ದರೆ ನೀನು ಇನ್ನೂ ಓದುತ್ತಿರುವಾಗಲೇ ಕಂತು ಶುರುವಾಗುತ್ತದೆ. ಮನೆಗೆ ಮೊದಲು ನೋಟಿಸು ಹೋಗುತ್ತದೆ. ನಿನ್ನ ಅಮ್ಮನಿಗೆ ವಿಷಯ ಹಾಗೆ ಗೊತ್ತಾಗಬಾರದು.

ನಿನ್ನ ಅಮ್ಮ ನಿನ್ನೆ ಸಂಜೆ ಬಂದಿದ್ದರು. ಸ್ಟೀಲ್ ಡಬ್ಬಿಯಲ್ಲಿ ಪತ್ರೊಡೆ ತಂದಿದ್ದರು. ಸ್ವಲ್ಪ ಹೊತ್ತು ಮಳೆಯ ವಿಷಯ, ನನ್ನ ಮಕ್ಕಳ ವಿಷಯ ಮಾತಾಡಿದರು. ಆಮೇಲೆ, ‘ಅವ ಈಗ ವಿಡಿಯೋ ಹಾಕುವುದಿಲ್ಲ. ಕ್ಯಾಮೆರಾ ಹಾಳಾಗಿದೆ ಹೇಳ್ತಾನೆ. ಮೂರು ತಿಂಗಳಾಯ್ತು’ ಅಂದರು. ಕೈಚೀಲದಿಂದ ಪಿಗ್ಮಿ ಪಾಸ್‌ಬುಕ್ ತೆಗೆದು ತೋರಿಸಿದರು. 1928ರಲ್ಲಿ ಇದೇ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದ ಪಿಗ್ಮಿ, ನಮ್ಮ ಅಮ್ಮಂದಿರು ಇನ್ನೂ ಬಿಟ್ಟಿಲ್ಲ. ‘ಇದರಲ್ಲಿ ಸ್ವಲ್ಪ ಉಂಟು. ಅಲ್ಲಿ ಒಂದು ಫೋನಿಗೆ ಎಷ್ಟಾಗ್ತದೆ?’ ಅಂತ ಕೇಳಿದರು.

ನಾನು ಏನೂ ಹೇಳಲಿಲ್ಲ. ಅದು ನೀನು ಹೇಳಬೇಕಾದ್ದು. ಜನವರಿಯ ತನಕ ಕಾಯಬೇಡ ಮಾರಾಯ, ಈ ವಾರವೇ ಹೇಳು. ವಿಡಿಯೋ ಹಾಕಿಯೇ ಹೇಳು. ಫೇಲಾದದ್ದನ್ನು ಮೊದಲು ಹೇಳು, ಮುಂದಿನ ಪ್ಲಾನ್ ಆಮೇಲೆ. ಮೊದಲು ಪ್ಲಾನ್ ಹೇಳಿದರೆ ಏನೋ ಮುಚ್ಚಿಡುತ್ತಿದ್ದಾನೆ ಅಂತ ಅವರಿಗೆ ಗೊತ್ತಾಗುತ್ತದೆ. ಅಳಬಹುದು. ಆ ಹೊತ್ತಿಗೆ ಹೇಳು, ನಾನು ನಿಮ್ಮ ಮನೆಗೆ ಹೋಗಿ ಕೂತುಕೊಳ್ಳುತ್ತೇನೆ. ಇನ್ನು ಹನ್ನೆರಡು ದಿನ ಇಲ್ಲೇ ಇದ್ದೇನೆ.

ಭಾನುವಾರದ ಒಳಗೆ ಮೂರು ಕಳಿಸು: ಪರೀಕ್ಷಾ ನಿಯಮದ ಪಿಡಿಎಫ್, ಇಲ್ಲಿಯವರೆಗಿನ ಅಂಕಪಟ್ಟಿ, ಆ ಹಸಿರು ಹಾಳೆಯ ಫೋಟೋ. ರೂಮಿನ ವಿಳಾಸವನ್ನೂ ಬರೆ. ಪತ್ರೊಡೆಯ ಜೊತೆ ನಿನಗೆ ಅಂತ ಹಲಸಿನ ಹಪ್ಪಳದ ಕಟ್ಟು ಕೊಟ್ಟಿದ್ದಾರೆ. ಸ್ಟುಟ್‌ಗಾರ್ಟ್‌ಗೆ ಹೋದ ಮೇಲೆ ಪಾರ್ಸೆಲ್ ಮಾಡುತ್ತೇನೆ.