ಚಿಮಣಿ ಮೂರು, ಹೊಗೆ ಮಾತ್ರ ಒಂದರಲ್ಲಿ: ಹಳೇ ಹಡಗಿನ ಫೋಟೊ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಅಂಚೆಕಾರ್ಡಿನಷ್ಟು ದೊಡ್ಡ ಫೋಟೊ ಸಿಕ್ಕಿತು. ಬಿಳಿ ಹಡಗು, ಮೂರು ಚಿಮಣಿ, ಹೊಗೆ ಬರುತ್ತಿರುವುದು ನಡುವಿನದರಿಂದ ಮಾತ್ರ. ಹಿಂದೆ ಪೆನ್ಸಿಲಿನಲ್ಲಿ ‘ಬೊಂಬಾಯಿ 1934’ ಎಂದಿದೆ. ಇದು ಪಿ ಅಂಡ್ ಓ ಎಂಬ ಬ್ರಿಟಿಷ್ ಹಡಗು ಕಂಪನಿಯದೇ? ಅವರ ಬಿಳಿ ಹಡಗುಗಳ ಚಿಮಣಿ ಹಳದಿ, ಇದರದು ಕಪ್ಪಗಿದೆ, ಹಾಗಾಗಿ ಅಲ್ಲ ಎನ್ನುತ್ತಾರೆ ಗೊತ್ತಿದ್ದವರೊಬ್ಬರು.
- ಓದುಗರು, ಮೂಡಿಗೆರೆ

ಉತ್ತರ: ಪಿ ಅಂಡ್ ಓ ಹಡಗೇ ಇರಬೇಕು. ಚಿಮಣಿ ಕಪ್ಪಗೆ ಕಾಣುವುದು ಹಡಗಿನ ದೋಷವಲ್ಲ, ಫಿಲ್ಮಿನ ಗುಣ. ಆಗ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಆರ್ಥೊಕ್ರೋಮ್ಯಾಟಿಕ್ ಫಿಲ್ಮು. 1931ರಲ್ಲಿ ಬಂದ ಕೊಡಾಕಿನ ವೆರಿಕ್ರೋಮ್ ಕೂಡ ಅದೇ ಜಾತಿ. ಅದಕ್ಕೆ ನೀಲಿ ಅತಿಯಾಗಿ ಹಿಡಿಸುತ್ತದೆ, ಕೆಂಪು ಹಿಡಿಸುವುದೇ ಇಲ್ಲ. ಆದ್ದರಿಂದ ಆಕಾಶ ಬೆಳ್ಳಗೆ, ಕೆಂಪು ಬಣ್ಣ ಮಸಿಯಾಗಿ, ಕೆಂಪು ಬೆರೆತ ಹಳದಿ ಕಡುಬೂದಿಯಾಗಿ ಮೂಡುತ್ತವೆ. ಹಡಗಿನ ನೀರಂಚಿನ ಪಟ್ಟೆಯನ್ನೂ ನೋಡಿ: ಅಲ್ಲಿ ಬಳಿಯುತ್ತಿದ್ದದ್ದು ಸಾಮಾನ್ಯವಾಗಿ ಕೆಂಪು, ಫೋಟೊದಲ್ಲಿ ಅದೂ ಕಪ್ಪಾಗಿದ್ದರೆ ಫಿಲ್ಮು ಇದೇ ಎನ್ನಬಹುದು. ಹಳೇ ಫೋಟೊದಲ್ಲಿ ಬಣ್ಣ ನಂಬಿ ಕಂಪನಿ ಹೇಳಬಾರದು. ಚಿಮಣಿ ಎಷ್ಟು, ಕೂವೆಮರ ಎಷ್ಟು ಎಂದು ಮೊದಲು ಎಣಿಸಬೇಕು.

ಬಿಳಿ ಮೈ, ಮೂರು ಚಿಮಣಿ, 1934ರ ಬೊಂಬಾಯಿ. ಇಷ್ಟೂ ಹೊಂದುವುದು 1931ರ ಸ್ಟ್ರಾತ್‌ನೇವರ್ ಮತ್ತು 1932ರ ಸ್ಟ್ರಾತ್ಏರ್ಡ್ ಎಂಬ ಅಕ್ಕತಂಗಿ ಹಡಗುಗಳಿಗೆ. ಎರಡೂ ಇಂಗ್ಲೆಂಡಿನ ಬ್ಯಾರೊದಲ್ಲಿ ಕಟ್ಟಿದವು. ಲಂಡನ್ನಿನಿಂದ ಸೂಯೆಜ್, ಬೊಂಬಾಯಿ, ಕೊಲಂಬೊ ಹಾದು ಆಸ್ಟ್ರೇಲಿಯಕ್ಕೆ ಹೋಗುತ್ತಿದ್ದವು. ಒಂದೊಂದೂ 22 ಸಾವಿರ ಟನ್ನಿಗೂ ಹೆಚ್ಚು. (ಈ ಟನ್ನು ತೂಕದ್ದಲ್ಲ, ಒಳಗಿನ ಜಾಗದ ಅಳತೆ: ಒಂದು ಟನ್ನಿಗೆ 100 ಘನ ಅಡಿ.) ಇವುಗಳ ಮೊದಲನೆಯ ಮತ್ತು ಮೂರನೆಯ ಚಿಮಣಿ ಬರೀ ತೋರಿಕೆಗೆ. ಬಾಯ್ಲರಿನ ಹೊಗೆ ನಡುವಿನದರಿಂದಲೇ ಹೋಗಬೇಕು, ನಿಮ್ಮ ಫೋಟೊದಲ್ಲಿ ಆಗುತ್ತಿರುವುದೂ ಅದೇ. ಎರಡನೇ ಮಹಾಯುದ್ಧ ಮುಗಿದ ಮೇಲಿನ ರಿಪೇರಿಯಲ್ಲಿ ಎರಡಕ್ಕೂ ಆ ಸುಳ್ಳು ಚಿಮಣಿಗಳನ್ನು ತೆಗೆದರು, ಹಾಗಾಗಿ ಹಿಂದೆ ಬರೆದ ಇಸವಿಗೆ ಅಡ್ಡಿಯಿಲ್ಲ.

ಎರಡರಲ್ಲಿ ಯಾವುದು ಎನ್ನಲು ಹೆಸರನ್ನೇ ಓದಬೇಕು. ಮೂತಿಯ ಎರಡೂ ಬದಿಯಲ್ಲಿ ಹೆಸರಿರುತ್ತದೆ. ಹಿಂಭಾಗದಲ್ಲಿ ಹೆಸರೂ ಅದರ ಕೆಳಗೆ ನೋಂದಣಿಯ ಬಂದರಿನ ಊರೂ ಇರುತ್ತವೆ. 1200 ಡಿಪಿಐಗೆ ಸ್ಕ್ಯಾನ್ ಮಾಡಿ ಹಿಗ್ಗಿಸಿ. ಮೊದಲ ಆರು ಇಂಗ್ಲಿಷ್ ಅಕ್ಷರ ಎರಡಕ್ಕೂ ಒಂದೇ, ಅಲ್ಲಿ ಕಣ್ಣು ನೋಯಿಸಿಕೊಳ್ಳಬೇಡಿ. ಕೊನೆಯದು ಆರ್ ಆದರೆ ಸ್ಟ್ರಾತ್‌ನೇವರ್, ಡಿ ಆದರೆ ಸ್ಟ್ರಾತ್ಏರ್ಡ್.

ಭೂತಗನ್ನಡಿಯಲ್ಲಿ ಒಂದೇ ಸಾಲಾಗಿ ಚುಕ್ಕಿಗಳು ಕಂಡರೆ ಅದು ಅಚ್ಚಾದ ಕಾರ್ಡು, ಫೋಟೊ ಅಲ್ಲ. ಅಂಥ ಕಾರ್ಡನ್ನು ಯಾರು ಬೇಕಾದರೂ ಕೊಳ್ಳಬಹುದಿತ್ತು, ಅಜ್ಜ ಆ ಹಡಗು ಹತ್ತಿದ್ದರು ಎನ್ನಲು ಅದೊಂದೇ ಸಾಲದು.

ಬೇರೆಯವರ ಮನೆಯ ಫೋಟೊಗಳಿಗೂ ಎರಡು ಗುರುತು: ಕಪ್ಪು ಚಿಮಣಿಗೆ ಎರಡು ಬಿಳಿ ಪಟ್ಟೆ ಇದ್ದರೆ ಬ್ರಿಟಿಷ್ ಇಂಡಿಯಾ ಕಂಪನಿ. ಒಂದೇ ಚಿಮಣಿ, ನಾಲ್ಕು ಕೂವೆಮರ ಇದ್ದರೆ ರಂಗೂನ್, ಕೊಲಂಬೊ ಕಡೆ ಓಡಾಡಿದ ಬಿಬಿ ಲೈನ್ ಕಂಪನಿಯದು ಇರಬಹುದೇ ಎಂದು ನೋಡಿ.

ಪ್ರಶ್ನೆ: ಕಟ್ಟು ಹಾಕಿಸಿದ ಹಡಗಿನ ಫೋಟೊ ಗಾಜಿಗೆ ಅಂಟಿದೆ, ಬೂಷ್ಟೂ ಹಿಡಿದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದೇ?
- ಓದುಗರು, ಸಕಲೇಶಪುರ

ಉತ್ತರ: ಖಂಡಿತ ಬೇಡ. ಚಿತ್ರ ನಿಂತಿರುವುದು ಜೆಲಾಟಿನ್ ಪದರದ ಮೇಲೆ. ಬೂಷ್ಟು ಅದನ್ನು ತಿಂದು ನೀರಲ್ಲಿ ಕರಗುವಂತೆ ಮಾಡಿರುತ್ತದೆ. ಒರೆಸಿದರೆ ಹಡಗೇ ಬಟ್ಟೆಗೆ ಬರುತ್ತದೆ. ಗಾಜಿನಿಂದ ಎಳೆಯಲೂ ಹೋಗಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿಟ್ಟುಕೊಳ್ಳಿ; ಕಪ್ಪುಬಿಳುಪಾದರೂ ಕಲರ್ ಮೋಡಿನಲ್ಲಿ, ಟಿಫ್ ಫೈಲಾಗಿ. ಬಿಡಿಸುವುದು ಸಂರಕ್ಷಣೆ ಕಲಿತವರ ಕೆಲಸ.

ಅಂಟದ ಫೋಟೊಗಳಿಗೆ ಮಳೆಗಾಲದಲ್ಲಿ ಕೈ ಹಾಕಬೇಡಿ. ಗಾಳಿಯ ತೇವ ಶೇ. 65 ದಾಟಿದರೆ ಬೂಷ್ಟು ಬೆಳೆಯುತ್ತದೆ, ಮಲೆನಾಡಿನಲ್ಲಿ ಜೂನಿನಿಂದ ತಿಂಗಳುಗಟ್ಟಲೆ ಅದೇ ಪಾಡು. ಜನವರಿ, ಫೆಬ್ರವರಿಯ ಒಣಹವೆಯಲ್ಲಿ, ಮನೆಯ ಹೊರಗೆ ನೆರಳಿನಲ್ಲಿ, ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಶ್ಶಿನಲ್ಲಿ ಝಾಡಿಸಿ. ಬಿಸಿಲಿಗೆ ಇಟ್ಟರೆ ಸುರುಳಿಕೊಂಡು ಪದರ ಬಿರಿಯುತ್ತದೆ. ಅಂಚಿನ ನೀಲಿ ಹೊಳಪು ಬೂಷ್ಟಲ್ಲ, ಮೇಲಕ್ಕೆದ್ದ ಬೆಳ್ಳಿ, ಉಜ್ಜಬೇಡಿ. ಮತ್ತೆ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೊಕ್ಕೂ ನಡುವೆ ದಪ್ಪ ರಟ್ಟಿನ ಚೌಕಟ್ಟು ಕೊಡಲು ಹೇಳಿ. ಹೊರಗೋಡೆಗೆ, ಅದರಲ್ಲೂ ಮಳೆ ಹೊಡೆಯುವ ಕಡೆಯದಕ್ಕೆ, ತೂಗುಹಾಕಬೇಡಿ. ಅಂಟು ಹಾಳೆಯ ಆಲ್ಬಮ್ಮು ಮಾತ್ರ ಬೇಡವೇ ಬೇಡ.

ಪ್ರಶ್ನೆ: ತಾತ ವಿಲಾಯತಿಗೆ ಹೋದದ್ದು ಮಂಗಳೂರಿನಿಂದಲೇ ಇರಬಹುದೇ? ಪ್ರಯಾಣಿಕರ ಪಟ್ಟಿ ಎಲ್ಲಿ ಸಿಗುತ್ತದೆ?
- ಓದುಗರು, ಹಾಸನ

ಉತ್ತರ: ಆಗಿನ ಮಂಗಳೂರು ಬಂದರು ಆಳವಿಲ್ಲದ ಅಳಿವೆ, ಸ್ಟೀಮರುಗಳು ದೂರ ಸಮುದ್ರದಲ್ಲಿ ಲಂಗರು ಹಾಕುತ್ತಿದ್ದವು. ವಿಲಾಯತಿಗೆ ಹೋಗುವ ದೊಡ್ಡ ಹಡಗು ಹತ್ತಲು ಬೊಂಬಾಯಿಗೋ ಕೊಲಂಬೊಗೋ ಹೋಗಬೇಕಿತ್ತು. ನಿಮ್ಮ ಕಡೆಯವರಿಗೆ ಅರಸೀಕೆರೆಯಲ್ಲಿ ಮೀಟರ್ ಗೇಜ್ ರೈಲು ಹತ್ತಿ ಹುಬ್ಬಳ್ಳಿ, ಪುಣೆಯ ಮೇಲೆ ಹೋಗುವ ದಾರಿಯಿತ್ತು.

ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬಿಟಿ 26 ಎಂಬ ದಾಖಲೆ ಸರಣಿಯಲ್ಲಿ ಬ್ರಿಟನ್ನಿಗೆ ಬಂದಿಳಿದವರ, ಬಿಟಿ 27ರಲ್ಲಿ ಅಲ್ಲಿಂದ ಹೊರಟವರ ಪಟ್ಟಿಗಳಿವೆ, ಎರಡೂ 1960ರವರೆಗೆ. ಹೋದದ್ದು ಸಿಗದಿದ್ದರೆ ವಾಪಸು ಬಂದದ್ದನ್ನು ಬಿಟಿ 27ರಲ್ಲಿ ಹುಡುಕಿ: ಆತುರವಿದ್ದವರು ಮಾರ್ಸೇಲ್ಸ್‌ನಲ್ಲೇ ಇಳಿದು ರೈಲಿನಲ್ಲಿ ಫ್ರಾನ್ಸ್ ದಾಟುತ್ತಿದ್ದರು, ಅಂಥವರು ಹಡಗಿನ ಬ್ರಿಟನ್ ಪಟ್ಟಿಯಲ್ಲಿ ಸಿಗುವುದಿಲ್ಲ. ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ನಾಲ್ಕಾರು ಬಗೆಯಲ್ಲಿ ಹಾಕಿ ನೋಡಿ. ‘ಗೌಡ’ ಒಂದೇ ಎಷ್ಟೋ ರೂಪದಲ್ಲಿ ಬಂದಿರುತ್ತದೆ, ಊರಿನ ಹೆಸರನ್ನೇ ಮನೆತನದ ಹೆಸರಾಗಿ ಬರೆದುಕೊಂಡಿರುವುದೂ ಉಂಟು. ತಾತನ ಪಾಸ್‌ಪೋರ್ಟ್ ಉಳಿದಿದ್ದರೆ ಮೊದಲು ಅದರ ಮುದ್ರೆಗಳ ತಾರೀಖು ನೋಡಿ.