ಕ್ಯಾಮೆರಾ ಪಟ್ಟಿ ಸಡಿಲವಾದರೆ

ಪ್ರಶ್ನೆ: ನನ್ನ ಡಿಜಿಟಲ್ ಕ್ಯಾಮೆರಾದಲ್ಲಿ ಪಟ್ಟಿ ಸಿಕ್ಕಿಸುವ ಒಂದು ಕಡೆ ಅಲ್ಲಾಡುತ್ತಿದೆ. ದಿನಾ ಮುಂಬೈ ಲೋಕಲ್ ರೈಲಿನಲ್ಲೇ ಓಡಾಟ. ಹಾಗೇ ಕೊರಳಿಗೆ ಹಾಕಿಕೊಳ್ಳಬಹುದಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬೇಡ. ಅಲ್ಲಾಡುತ್ತಿರುವುದು ಯಾವುದು ಅಂತ ಮೊದಲು ನೋಡಿ. ತ್ರಿಕೋನದ ತಂತಿ ರಿಂಗ್ ಬಾಯಿ ಬಿಟ್ಟಿದ್ದರೆ ಚಿಂತೆಯಿಲ್ಲ, ಹೊಸದು ಹಾಕಿ. ಬಾಡಿಯಲ್ಲೇ ಕೂತಿರುವ ಲೋಹದ ಕಿವಿ ಅಲ್ಲಾಡಿದರೆ ಮಾತ್ರ ಒಳಗಿನ ಸ್ಕ್ರೂ ಸಡಿಲವಾಗಿರಬಹುದು, ಇಲ್ಲಾ ಕವಚವೇ ಬಿರುಕು ಬಿಟ್ಟಿರಬಹುದು, ಸರ್ವಿಸ್ ಸೆಂಟರ್‌ಗೇ ಕೊಡಿ. ಫೆವಿಕ್ವಿಕ್ ಸಾಹಸ ಬೇಡ.

ಪಟ್ಟಿಯ ತುದಿಯನ್ನೂ ನೋಡಿ. ಬಕಲ್‌ ದಾಟಿ ಬಂದ ತುದಿ ಒಂದೆರಡು ಇಂಚಾದರೂ ಉಳಿದಿರಬೇಕು, ಅದನ್ನು ಒಳಬದಿಗೆ ತೂರಿಸಿರಬೇಕು. ನೈಲಾನ್ ನುಣುಪು ಅಲ್ವಾ, ಭಾರಕ್ಕೆ ಮೆಲ್ಲಗೆ ಜಾರುತ್ತದೆ.

ರಿಪೇರಿ ಆಗುವವರೆಗೆ, ಕ್ಯಾಮೆರಾದ ತಳದಲ್ಲಿ ಟ್ರೈಪಾಡ್‌ಗೆಂದು ಇರುವ ಕಾಲು ಇಂಚಿನ ತೂತಿಗೆ ಸ್ಕ್ರೂ ಹಾಕಿ ಹೆಗಲಿಗೆ ಅಡ್ಡ ಹಾಕಿಕೊಳ್ಳುವ ಪಟ್ಟಿ ಸಿಗುತ್ತದೆ, ತಗೊಳ್ಳಿ. ಓಡಾಡಿದಂತೆ ಆ ಸ್ಕ್ರೂ ಕೂಡ ಬಿಚ್ಚಿಕೊಳ್ಳುತ್ತದೆ, ಆಗಾಗ ಬೆರಳಲ್ಲಿ ತಿರುಗಿಸಿ ನೋಡುತ್ತಿರಿ.

ಲೋಕಲ್‌ನಲ್ಲಂತೂ ಕೊರಳು ಬೇಡವೇ ಬೇಡ. ಠಾಣೆ ರೈಲು ನಿಲ್ದಾಣದಲ್ಲಿ ಜನ ನುಗ್ಗುವಾಗ ಯಾರದೋ ಬ್ಯಾಗಿಗೆ ಪಟ್ಟಿ ಸಿಕ್ಕಿಕೊಂಡರೆ ಕ್ಯಾಮೆರಾ ಜೊತೆ ನೀವೂ ಅಲ್ಲೇ ಇಳಿಯಬೇಕಾದೀತು! ಬ್ಯಾಗೊಳಗಿಟ್ಟು, ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ. ಪಟ್ಟಿ ಜಿಪ್‌ನಿಂದ ಹೊರಗೆ ನೇತಾಡದಿರಲಿ.